ಸೂಜಿ ಹಿಡಿದ ಕೈಗೆ ನಾಚಿಕೆಯೇಕೆ?



ನಾನು ದರ್ಜಿ. ಶಿವಸಿಂಪಿ ಮನೆತನದವನು. 1993ರಲ್ಲಿ ಗುಳೇದಗುಡ್ಡ ಬಿಟ್ಟು ಉಡುಪಿಗೆ ಬಂದಾಗ ಅದು ವಿಜಾಪುರ ಜಿಲ್ಲೆ, ಇದು ದಕ್ಷಿಣ ಕನ್ನಡ. 1997ರಲ್ಲಿ ಎರಡೂ ಊರುಗಳ ಜಿಲ್ಲೆ ಬದಲಾಯಿತು. ನನ್ನ ಕಾಯಕ ಬದಲಾಗಲಿಲ್ಲ. ಬನ್ನಂಜೆಯ ಹತ್ತಡಿ ಅಗಲದ ಅಂಗಡಿಯಲ್ಲಿ ಮೂವತ್ತು ವರ್ಷಗಳಿಂದ ರವಿಕೆ ಹೊಲಿಯುತ್ತಿದ್ದೇನೆ. ಎಷ್ಟು ಮದುಮಗಳಂದಿರ ಅಳತೆ ನನ್ನ ಪುಸ್ತಕದಲ್ಲಿದೆಯೋ ಎಣಿಸಿಲ್ಲ.

ಇಷ್ಟು ಹೇಳಿದ್ದು ಪರಿಚಯಕ್ಕಲ್ಲ, ತಪ್ಪೊಪ್ಪಿಗೆಗೆ. ಹೋದ ವರ್ಷ ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಹಾವೇರಿ ಕಡೆಯಿಂದ ಬಂದಿದ್ದರು. ಹುಡುಗನ ಸೋದರಮಾವ ಸಹಜವಾಗಿ, "ತಮ್ಮ ಉದ್ಯೋಗ?" ಎಂದು ಕೇಳಿದರು. ನಾನು, "ಗಾರ್ಮೆಂಟ್ಸ್ ಬಿಸಿನೆಸ್" ಎಂದೆ. ನನ್ನ ಬಾಯಿಂದ ದರ್ಜಿ ಎಂಬ ಮಾತು ಹೊರಡಲಿಲ್ಲ. ಗೋಡೆಯ ಮೇಲೆ ಬಸವಣ್ಣನವರ ಭಾವಚಿತ್ರವಿತ್ತು. ಎದೆಯ ಮೇಲೆ ಇಷ್ಟಲಿಂಗವಿತ್ತು. ಆ ವರ್ಷದ ಬಸವ ಜಯಂತಿಯ ಸಭೆಯಲ್ಲಿ ಕಾಯಕದ ಮಹತ್ವದ ಮೇಲೆ ಇಪ್ಪತ್ತು ನಿಮಿಷ ಮಾತನಾಡಿ ಚಪ್ಪಾಳೆ ಗಿಟ್ಟಿಸಿದವನೂ ನಾನೇ.

ಬಂದವರು ಹೋದ ಮೇಲೆ ಮಗಳು ಒಂದೇ ಮಾತು ಕೇಳಿದಳು: "ಅಪ್ಪಾ, ಸೂಜಿ ಅನ್ನಾಕ ನಾಚಿಕಿ ಬಂತೇನು?" ನನ್ನಲ್ಲಿ ಉತ್ತರವಿರಲಿಲ್ಲ. ಅವಳೇ ಮುಂದುವರಿಸಿದಳು: "ಮದುವಿ ಕೂಡಿ ಬಂದ್ರ ನನ್ನ ಮದುವಿ ಅರಿವಿ ನಾನೇ ಹೊಲ್ಕೋತೀನಿ. ಹೊರಗಿಂದ ಒಂದು ಹೊಲಿಗೀನೂ ಬ್ಯಾಡ."

ಸಂಬಂಧ ಕೂಡಿಬಂತು. ಅವಳು ಹಟ ಬಿಡಲಿಲ್ಲ. ಬಂಧುಗಳೇ, ಮಗಳ ಈ ಹಟವನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ವಿರೋಧಿಸಿದವನು ದರ್ಜಿಯಾದ ನಾನೇ. ಮದುವೆಗೆ ಬೆಂಗಳೂರಿನಿಂದ ಡಿಸೈನರ್ ರವಿಕೆ ತರಿಸಬೇಕು, ನಾಲ್ಕು ಜನ ನೋಡಬೇಕು ಎಂಬುದು ನನ್ನ ಆಸೆ. ನಮ್ಮ ಸಮಾಜದ ದೊಡ್ಡ ರೋಗ ಇದೇ ಎಂದು ಈಗ ನನಗೆ ಅನ್ನಿಸುತ್ತದೆ: ಕಾಯಕಕ್ಕೆ ಬಾಯಲ್ಲಿ ಪೂಜೆ, ಮನೆಯಲ್ಲಿ ಮರೆ. ಈ ಲೇಖನ ಬರೆಯುವುದು ಆ ರೋಗದ ವಿರುದ್ಧ. ಮೊದಲ ರೋಗಿ ನಾನೇ ಆದ್ದರಿಂದ ಮಾತು ಸ್ವಲ್ಪ ಕಟುವಾದರೆ ಕ್ಷಮಿಸಿ.

ನಮ್ಮ ಶರಣರ ಪಟ್ಟಿಯನ್ನೊಮ್ಮೆ ನೋಡಿ. ನೂಲುವ ಕದಿರೆ ರೆಮ್ಮವ್ವೆ ಇದ್ದಾರೆ. ನೇಯುವ ಜೇಡರ ದಾಸಿಮಯ್ಯನವರಿದ್ದಾರೆ. ಹೊಲಿಯುವ ಸೂಜಿಕಾಯಕದ ರಾಮಿತಂದೆ ಇದ್ದಾರೆ. ಮಡಿ ಮಾಡುವ ಮಡಿವಾಳ ಮಾಚಿದೇವರಿದ್ದಾರೆ. ನೂಲಾಗಿ ಹುಟ್ಟಿದಾಗಿನಿಂದ ಒಗೆತಕ್ಕೆ ಹೋಗುವವರೆಗೆ ಒಂದು ಬಟ್ಟೆ ಎಷ್ಟು ಕೈ ದಾಟುತ್ತದೆಯೋ ಅಷ್ಟು ಕೈಗಳೂ ಶರಣರ ಕೈಗಳೇ. ಬಟ್ಟೆ ಮುಟ್ಟುವ ಪ್ರತಿ ಕಸುಬಿಗೂ ವಚನ ಬರೆದ ಒಬ್ಬ ಶರಣ ಅಥವಾ ಶರಣೆ ನಮ್ಮಲ್ಲಿರುವಾಗ ನಮಗೆ ಬಟ್ಟೆಯ ಕೆಲಸ ಕೀಳಾದದ್ದು ಹೇಗೆ? ರಾಮಿತಂದೆಯವರು ತಮ್ಮ ಹೆಸರಿನ ಮುಂದೆಯೇ ಸೂಜಿಯನ್ನು ಇಟ್ಟುಕೊಂಡಿದ್ದಾರೆ. ನಾನೋ ಅದನ್ನು 'ಬಿಸಿನೆಸ್' ಎಂಬ ಮಾತಿನ ಹಿಂದೆ ಬಚ್ಚಿಟ್ಟೆ.

"ಮದುವೆ ಬಟ್ಟೆ ಮನೆಯಲ್ಲಿ ಹೊಲಿಯುವುದು ಎಂಥ ಹೊಸ ಹುಚ್ಚು?" ಎಂದರು ನೆಂಟರು. ಇದು ಹೊಸದಲ್ಲ. ಕೊಳ್ಳುವುದು ಹೊಸದು. ನಮ್ಮ ಉತ್ತರ ಕರ್ನಾಟಕದ ಹಳೆಯ ಮನೆಗಳನ್ನು ಕೇಳಿ. ಹೆಣ್ಣಿನ ಮದುವೆಗೆ ಕಪ್ಪು ಚಂದ್ರಕಾಳಿ ಸೀರೆ ಬೇಕಿತ್ತು, ಅದರ ಮೇಲೆ ಕಸೂತಿ ಬೇಕಿತ್ತು. ಕಸೂತಿ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ತಾಯಿ, ಅತ್ತೆ, ಅಕ್ಕ, ಕೊನೆಗೆ ಮದುಮಗಳು ತಾನೇ ಮಧ್ಯಾಹ್ನದ ಹೊತ್ತು ಪಡಸಾಲೆಯಲ್ಲಿ ಕೂತು ಎಳೆ ಎಣಿಸಿ ಹಾಕುತ್ತಿದ್ದರು. ನಮ್ಮ ತಾಯಿ ಖಣದ ಕುಬಸವನ್ನು ಕೈಯಲ್ಲೇ ಹೊಲಿದುಕೊಂಡು ಮದುವೆಯಾದವರು. ಅಷ್ಟೇಕೆ, ಇಷ್ಟಲಿಂಗಕ್ಕೆ ಸುತ್ತುವ ಲಿಂಗವಸ್ತ್ರದ ಅಂಚು ಹೊಲಿದದ್ದು ಯಾರು? ನಮ್ಮ ಮನೆಯಲ್ಲಿ ಅಜ್ಜಿಯೇ ಹೊಲಿಯುತ್ತಿದ್ದರು, ಶಿವದಾರವನ್ನೂ ಅವರೇ ಹೊಸೆಯುತ್ತಿದ್ದರು. ಪೂಜೆಯ ವಸ್ತ್ರ ಹೊಲಿಯಲು ಯೋಗ್ಯವಾದ ಕೈ ಮದುವೆಯ ವಸ್ತ್ರ ಹೊಲಿಯಲು ಅಯೋಗ್ಯವಾಯಿತೇ?

ಮಗಳು ಮಾಡಿದ್ದೇನು ಎಂದು ಹೇಳುತ್ತೇನೆ. ಅವಳು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಸೀರೆಗಾಗಿ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘಕ್ಕೆ ಹೋಗಿ ಒಂದು ಉಡುಪಿ ಸೀರೆ ಆರಿಸಿಕೊಂಡಳು. ಭೌಗೋಳಿಕ ಗುರುತು ಪಡೆದ ಈ ಹತ್ತಿ ಸೀರೆಯ ನೇಕಾರರು ಒಂದು ಕಾಲದಲ್ಲಿ ಬೆರಳೆಣಿಕೆಗೆ ಇಳಿದಿದ್ದರು. ಕದಿಕೆ ಟ್ರಸ್ಟ್‌ನಂಥವರ ಶ್ರಮದಿಂದ ಈಗ ಮತ್ತೆ ಮಗ್ಗಗಳು ಸದ್ದು ಮಾಡುತ್ತಿವೆ. ಕುಬಸಕ್ಕೆ ಗುಳೇದಗುಡ್ಡದಿಂದ ಖಣ ತರಿಸಿದಳು. ಹುಟ್ಟಿದ ನಾಡಿನದೊಂದು, ಅನ್ನ ಕೊಟ್ಟ ನಾಡಿನದೊಂದು.

ಕರಾವಳಿಯಲ್ಲಿ ಆಟಿ ತಿಂಗಳಲ್ಲಿ ಮದುವೆಗಳಿಲ್ಲ. ಜಡಿಮಳೆಯಲ್ಲಿ ನನ್ನ ಅಂಗಡಿಯ ಯಂತ್ರ ಸುಮ್ಮನೆ ಕೂತಿರುತ್ತದೆ. ಆ ದಿನಗಳಲ್ಲಿ ಅವಳು ರಾತ್ರಿ ಊಟವಾದ ಮೇಲೆ ಬಂದು ಕೂರುತ್ತಿದ್ದಳು. ಮೊದಲ ವಾರವೆಲ್ಲ ಹಳೆಯ ಪತ್ರಿಕೆಯ ಹಾಳೆ ಕತ್ತರಿಸಿ ಮಾದರಿ ಮಾಡಿದಳು. ಆಮೇಲೆ ಹಳೆಯ ಪಂಚೆಯ ಬಟ್ಟೆಯಲ್ಲಿ ಒಂದು ಕಚ್ಚಾ ರವಿಕೆ ಹೊಲಿದಳು. ತೋಳು ಎಳೆಯಿತು, ಬೆನ್ನು ಸಡಿಲಾಯಿತು. ಬಿಚ್ಚಿ ಮತ್ತೆ ಹೊಲಿದಳು. ನಾನು ಬಾಯಿ ಮುಚ್ಚಿಕೊಂಡು ನೋಡುತ್ತಿದ್ದೆ. ಎರಡೇ ಸಲ ಬಾಯಿ ಬಿಟ್ಟೆ. ಒಂದು, ಅಸ್ತರಿನ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಲ್ಲಿ ನೆನೆಸಿ ಒಣಗಿಸು, ಇಲ್ಲದಿದ್ದರೆ ಮೊದಲ ಒಗೆತಕ್ಕೇ ಒಳಗಿಂದ ಜಗ್ಗುತ್ತದೆ ಎಂದು. ಇನ್ನೊಂದು, ಪಕ್ಕದ ಹೊಲಿಗೆಯೊಳಗೆ ಒಂದೊಂದು ಇಂಚು ಬಟ್ಟೆ ಬಿಡು, ಮುಂದೆ ಮೈ ತುಂಬಿದಾಗ ಬಿಚ್ಚಿ ಹಾಕಿಕೊಳ್ಳಬಹುದು ಎಂದು. ಡಿಸೈನರ್ ರವಿಕೆಗಳಲ್ಲಿ ಈ ಒಂದು ಇಂಚು ಇರುವುದು ಅಪರೂಪ. ಅದು ಒಂದು ದಿನದ ಫೋಟೋಗೆ ಹೊಲಿದದ್ದು. ಮನೆಯಲ್ಲಿ ಹೊಲಿದದ್ದಕ್ಕೆ ಮುಂದಿನ ಇಪ್ಪತ್ತು ವರ್ಷದ ಲೆಕ್ಕವಿರುತ್ತದೆ.

ಸೆರಗಿಗೆ ಕಸೂತಿ ಹಾಕಲು ನಮ್ಮ ತಾಯಿಯವರೇ ಊರಿಂದ ಬಂದರು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆಯುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು. ಗಂಟು ಹಾಕುವಂತಿಲ್ಲ. ಅದರಲ್ಲಿ ಗವಂತಿ ಎಂಬ ಹೊಲಿಗೆಯಿದೆ: ಹೋಗುವಾಗ ಒಂದು ಬಿಟ್ಟು ಒಂದು ಹೆಜ್ಜೆ ಹಾಕುತ್ತ ಹೋಗಿ, ಬರುವಾಗ ಖಾಲಿ ಬಿಟ್ಟ ಜಾಗ ತುಂಬುತ್ತ ಬರಬೇಕು. ಮುಗಿದ ಮೇಲೆ ಸೀರೆಯ ಮುಂಬದಿ ಯಾವುದು, ಹಿಂಬದಿ ಯಾವುದು ಗೊತ್ತಾಗುವುದಿಲ್ಲ. ತಾಯಿಯವರು ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಿಂದ ಹೊಲಸಿದ್ರ ಮುಂದಿನ ಚಂದ ಸುಳ್ಳವ್ವಾ" ಎಂದರು. ನನಗೇ ಹೇಳಿದಂತಿತ್ತು. ಶರಣರು ನುಡಿ ಮತ್ತು ನಡೆ ಒಂದಾಗಬೇಕೆಂದು ಹೇಳಿದ್ದನ್ನು ನಾನು ನೂರು ಸಲ ವೇದಿಕೆಯಿಂದ ಹೇಳಿದ್ದೇನೆ. ಅರ್ಥವಾದದ್ದು ಆ ದಿನ, ಓದುಬರಹ ಬಾರದ ತಾಯಿಯ ಮಾತಿನಿಂದ.

ಈಗ ನಮ್ಮ ಮೇಲೆ ಬಂದ ಆಕ್ಷೇಪಗಳಿಗೆ ಬರುತ್ತೇನೆ.

ಮೊದಲನೆಯದು: ಮದುಮಗಳು ತನ್ನ ಬಟ್ಟೆ ತಾನೇ ಹೊಲಿದುಕೊಂಡರೆ ಅಪಶಕುನ. ಇದನ್ನು ಹೇಳಿದವರು ಯಾರೋ ಅಲ್ಲ, ಲಿಂಗದೀಕ್ಷೆ ಪಡೆದ ನಮ್ಮವರೇ. ಶಕುನ, ಮುಹೂರ್ತ, ರಾಹುಕಾಲಗಳನ್ನು ಶರಣರು ಎಂಟುನೂರು ವರ್ಷಗಳ ಹಿಂದೆಯೇ ಬಾಗಿಲಾಚೆ ಇಟ್ಟರು. ನಾವು ಹಿತ್ತಿಲ ಬಾಗಿಲಿಂದ ಕರೆತಂದು ಮಣೆ ಹಾಕಿದ್ದೇವೆ. ದುಡಿಯುವ ಕೈ ಅಪಶಕುನವಾದರೆ ಇಡೀ ಅನುಭವ ಮಂಟಪವೇ ಅಪಶಕುನ.

ಎರಡನೆಯದು ಸ್ವಲ್ಪ ತೂಕದ್ದು: "ಎಲ್ಲರೂ ತಮ್ಮ ಬಟ್ಟೆ ತಾವೇ ಹೊಲಿದುಕೊಂಡರೆ ನಿಮ್ಮಂಥ ದರ್ಜಿಗಳ ಹೊಟ್ಟೆಪಾಡೇನು?" ಕೇಳಿದವರಿಗೆ ದರ್ಜಿಯ ಹೊಟ್ಟೆಯ ಮೇಲೆ ಇಷ್ಟು ಕಾಳಜಿ ಇರುವುದು ಸಂತೋಷ. ನನ್ನ ಹೊಟ್ಟೆಯ ಲೆಕ್ಕ ಕೇಳಿ. ಹಿಂದೊಮ್ಮೆ ಒಂದು ದೊಡ್ಡ ಅಂಗಡಿ ಮದುವೆ ರವಿಕೆಗಳ ಹೊಲಿಗೆಯನ್ನು ನನಗೆ ಒಪ್ಪಿಸುತ್ತಿತ್ತು. ನನಗೆ ಕೊಡುತ್ತಿದ್ದದ್ದು ರವಿಕೆಗೆ 350 ರೂಪಾಯಿ. ಅದೇ ರವಿಕೆಗೆ ಗಿರಾಕಿಯಿಂದ 3,000 ಪಡೆದ ಬಿಲ್ಲನ್ನು ನನ್ನ ಕಣ್ಣಾರೆ ಕಂಡಿದ್ದೇನೆ. ನಡುವಿನ ದುಡ್ಡು ದೀಪದ ಬೆಳಕಿಗೆ, ಗಾಜಿನ ಬಾಗಿಲಿಗೆ, ಹೆಸರಿಗೆ ಹೋಯಿತು. ನಮ್ಮ ಹೊಟ್ಟೆಗೆ ಕಲ್ಲು ಹಾಕುವುದು ಸೂಜಿ ಹಿಡಿದ ಹೆಣ್ಣುಮಗಳಲ್ಲ, ಸೂಜಿಯ ಬೆಲೆ ತಿಳಿಯದ ಗಿರಾಕಿ. ಒಂದು ಕಾಜ ಹಾಕಿ ಬೆರಳು ಚುಚ್ಚಿಸಿಕೊಂಡವಳು ದರ್ಜಿಯ ಕೂಲಿಗೆ ಚೌಕಾಶಿ ಮಾಡುವುದಿಲ್ಲ. ನನ್ನ ಮಗಳೇ ಈಗ, "ಅಪ್ಪಾ, ನೀನು ತಗೊಳ್ಳೋದು ಕಡಿಮಿ ಆತು" ಎನ್ನುತ್ತಾಳೆ.

ಮೂರನೆಯದನ್ನು ಕೇಳಿದವರು ನಮ್ಮ ವಚನ ಬಳಗದ ಹಿರಿಯರು: "ಕಾಯಕ ಎಂದರೆ ಬದುಕಿಗಾಗಿ, ದಾಸೋಹಕ್ಕಾಗಿ ಮಾಡುವ ನಿತ್ಯದ ದುಡಿಮೆ. ನಿಮ್ಮ ಮಗಳ ಕಾಯಕ ಪ್ರಯೋಗಾಲಯದ್ದು. ಒಂದು ರವಿಕೆ ಹೊಲಿದದ್ದು ಹವ್ಯಾಸ. ಅದನ್ನು ಕಾಯಕ ಎನ್ನುವುದು ಸರಿಯಲ್ಲ." ಇದು ಸರಿಯಾದ ಮಾತು, ಒಪ್ಪುತ್ತೇನೆ. ಎಲ್ಲ ಹೆಣ್ಣುಮಕ್ಕಳೂ ಮದುವೆ ಬಟ್ಟೆ ಹೊಲಿದುಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಮದುಮಗಳ ತಲೆಯ ಮೇಲೆ ಇನ್ನೊಂದು ಹೊರೆ ಹೊರಿಸಿದಂತೆ. ಕೊಳ್ಳುವವರು ಕೊಳ್ಳಲಿ, ನೇಕಾರನಿಗೂ ದರ್ಜಿಗೂ ನ್ಯಾಯದ ಬೆಲೆ ಕೊಟ್ಟು ಕೊಳ್ಳಲಿ. ಆದರೆ ಹೊಲಿದುಕೊಳ್ಳುತ್ತೇನೆ ಎಂದವಳನ್ನು ನಾವು ಯಾಕೆ ತಡೆದೆವು? ಅವಳಿಗೆ ಬಿಡುವಿಲ್ಲ ಎಂದಲ್ಲ, ಕೈಯಲ್ಲಿ ಕಲೆಯಿಲ್ಲ ಎಂದಲ್ಲ. "ಜನ ಏನಂದಾರು" ಎಂದು. ಆ ಜನ ಅನ್ನುವುದೇನು? "ಪಾಪ, ದುಡ್ಡಿಲ್ಲ" ಎಂದು. ಅಂದರೆ ಹೊಲಿಗೆ ಬಡತನದ ಗುರುತು ಎಂದು ನಾವೆಲ್ಲ ಒಳಗೊಳಗೇ ಒಪ್ಪಿಕೊಂಡಿದ್ದೇವೆ. ನನ್ನ ಜಗಳ ಈ ಒಪ್ಪಂದದ ಜೊತೆಗೆ.

ಈ ಒಪ್ಪಂದದ ಗುರುತು ನಮ್ಮ ವೇದಿಕೆಗಳ ಮೇಲೂ ಇದೆ. ಜಾತ್ರೆ, ಸ್ಮರಣೋತ್ಸವ, ಜಯಂತಿಗಳಲ್ಲಿ ಬಡ ಹೆಣ್ಣುಮಕ್ಕಳಿಗೆ ಹೊಲಿಗೆ ಯಂತ್ರ ವಿತರಿಸುತ್ತೇವೆ. ಒಳ್ಳೆಯದೇ, ನಾನೂ ಚಂದಾ ಕೊಟ್ಟಿದ್ದೇನೆ. ಆದರೆ ಆ ಚಿತ್ರವನ್ನು ನೋಡಿ: ಯಂತ್ರದ ಪಕ್ಕದಲ್ಲಿ ತಲೆತಗ್ಗಿಸಿ ನಿಂತ ಒಬ್ಬ ತಾಯಿ, ಕೊಡುವ ಕೈಗಳು ಹನ್ನೆರಡು, ಎಲ್ಲರ ಮುಖ ಕ್ಯಾಮೆರಾದ ಕಡೆಗೆ. ಆಮೇಲೆ ಏನಾಗುತ್ತದೆ? ಅವಳಿಗೆ ಕೆಲಸ ಕೊಡುವವರು ಯಾರು? ಯಂತ್ರ ಕೊಟ್ಟ ದಾನಿಯ ಮಗಳ ಮದುವೆ ರವಿಕೆ ಅವಳ ಹತ್ತಿರ ಬರುತ್ತದೆಯೇ? ಅದು ಬೆಂಗಳೂರಿಗೆ ಹೋಗುತ್ತದೆ. ಯಂತ್ರ ಮೂಲೆಯಲ್ಲಿ ಕೂರುತ್ತದೆ, ಆಮೇಲೆ ಅರ್ಧ ಬೆಲೆಗೆ ಮಾರಾಟವಾಗುತ್ತದೆ. ಇಂಥ ಎರಡು ಯಂತ್ರಗಳನ್ನು ನಾನೇ ಕೊಂಡಿದ್ದೇನೆ. ಬಡವಳ ಕೈಗೆ ಸೂಜಿ ಕೊಡುವುದು ಪುಣ್ಯ, ನಮ್ಮ ಮಗಳ ಕೈಗೆ ಸೂಜಿ ಬರುವುದು ಅವಮಾನ. ಇದನ್ನು ದಾಸೋಹ ಎಂದು ಕರೆಯಬೇಡಿ. ದಾಸೋಹದಲ್ಲಿ ಕೊಡುವವನೇ ಬಾಗಬೇಕು.

ಇನ್ನು ದುಡ್ಡಿನ ಮಾತು. ನನ್ನ ಮಗಳಿಗೆ ಮೊದಲು ವಿಚಾರಿಸಿದ ಆರಿ ಕಸೂತಿಯ ಒಂದು ರವಿಕೆಗೆ 18,000 ಹೇಳಿದ್ದರು. ನಾನು ಸಂಘದಿಂದ ಸಾಲ ತೆಗೆಯಲು ಅರ್ಜಿ ತುಂಬಿ ಇಟ್ಟಿದ್ದೆ. ಆಯ್ದಕ್ಕಿ ಮಾರಯ್ಯನವರು ಅಂದಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಕಳಿಸಿದರು. ಆ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ನನ್ನ ಮನೆಯಲ್ಲಿ ಸಾಲದ ಅರ್ಜಿಯನ್ನು ಹರಿದವಳು ಮಗಳು. ಲಕ್ಕಮ್ಮನವರು ಕಥೆಯಲ್ಲಷ್ಟೇ ಇಲ್ಲ ಎಂದು ಆ ದಿನ ತಿಳಿಯಿತು.

ನಮ್ಮ ಬನ್ನಂಜೆಯಲ್ಲಿ ನಾರಾಯಣ ಗುರುಗಳನ್ನು ಆರಾಧಿಸುವ ಬಿಲ್ಲವ ಬಾಂಧವರು ನೆರೆಯವರಾಗಿದ್ದಾರೆ. 1912ರಲ್ಲಿ ಮಂಗಳೂರಿನ ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದ ಆ ಗುರುಗಳು ಕೇರಳದಲ್ಲಿ ಜನರನ್ನು ಸಾಲಕ್ಕೆ ತಳ್ಳುತ್ತಿದ್ದ ತಾಳಿಕೆಟ್ಟು ಕಲ್ಯಾಣದಂಥ ಆಡಂಬರಗಳನ್ನು ನಿಲ್ಲಿಸಿದರು. 1928ರಲ್ಲಿ ಶಿವಗಿರಿ ತೀರ್ಥಯಾತ್ರೆಗೆ ಅವರು ಹೇಳಿದ ಎಂಟು ಉದ್ದೇಶಗಳಲ್ಲಿ ವಿದ್ಯೆ, ಶುಚಿತ್ವ, ಭಕ್ತಿ, ಸಂಘಟನೆಗಳ ಜೊತೆಗೆ ಕೈಕಸುಬೂ ಇದೆ. ನೆರೆಮನೆಯ ಗುರುಗಳು ಯಾತ್ರೆಯ ಉದ್ದೇಶಗಳಲ್ಲಿ ಕೈಕಸುಬನ್ನು ಸೇರಿಸಿದರೆ, ಕಾಯಕವೇ ಜೀವಾಳವಾದ ನಮ್ಮ ಜಾತ್ರೆಗಳಲ್ಲಿ ಅದರ ಜಾಗ ಎಲ್ಲಿ? ಆಟಿಕೆ ಅಂಗಡಿಯ ಪಕ್ಕದಲ್ಲೇ?

ಶ್ರೀಮಂತರಿಗೆ ಇದೆಲ್ಲ ಆಗದು ಎನ್ನುವವರಿಗೆ ಒಂದು ನೆನಪು. 1942ರಲ್ಲಿ ಅಲಹಾಬಾದಿನಲ್ಲಿ ಇಂದಿರಾ ಮದುವೆಯಾದಾಗ ಉಟ್ಟದ್ದು ತಂದೆ ಜವಾಹರಲಾಲ್ ನೆಹರೂ ಸೆರೆಮನೆಯಲ್ಲಿ ನೂತ ನೂಲಿನ ಖಾದಿ ಸೀರೆ. ನೆಹರೂ ಮನೆತನಕ್ಕೆ ರೇಷ್ಮೆ ಕೊಳ್ಳಲು ದುಡ್ಡಿರಲಿಲ್ಲವೇ? ತಂದೆಯ ಕೈ ಮಗಳ ಮೈಮೇಲಿರಲಿ ಎಂಬ ಪ್ರೀತಿ ಅದು. ಅಷ್ಟೇ ಅಲ್ಲ, ಆ ಕಾಲದಲ್ಲಿ ಅದೊಂದು ಘೋಷಣೆ.

ನಮಗೂ ಒಂದು ಮದುವೆಯ ನೆನಪಿದೆ. ಕಲ್ಯಾಣದಲ್ಲಿ ಹರಳಯ್ಯನವರ ಮಗನಿಗೂ ಮಧುವರಸರ ಮಗಳಿಗೂ ನಡೆದ ಮದುವೆ. ಜೋಡು ಹೊಲಿಯುವ ಕೈ ಮಂತ್ರಿಯ ಮನೆಯ ಬೀಗತನಕ್ಕೆ ಯೋಗ್ಯ ಎಂದು ಸಾರಿದ ಮದುವೆ. ಆ ಮಾತಿಗಾಗಿ ಹರಳಯ್ಯ, ಮಧುವರಸರು ಎಳೆಹೂಟೆಯ ಶಿಕ್ಷೆ ಉಂಡರು. ನಮ್ಮ ಧರ್ಮದ ಅತಿ ದೊಡ್ಡ ಮದುವೆ ಹೊಲಿಯುವವನ ಮನೆಯ ಮದುವೆ. ಅಂಥ ಪರಂಪರೆಯ ನಾನು ಬೀಗರ ಮುಂದೆ ಸೂಜಿಯನ್ನು ಬಚ್ಚಿಟ್ಟೆ. ಸರ್ಕಾರ 2024ರಲ್ಲಿ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿದಾಗ ನಾವೆಲ್ಲ ಸಿಹಿ ಹಂಚಿದೆವು. ನಾಯಕರು ಗೋಡೆಯ ಮೇಲೆ ಬಂದರು. ಮನೆಯ ಒಳಗೆ ಬರಲು ನಾವಿನ್ನೂ ಬಾಗಿಲು ತೆಗೆದಿಲ್ಲ.

ಮದುವೆ ಒಂದು ಭಾನುವಾರ ವಚನ ಕಲ್ಯಾಣವಾಗಿ ನಡೆಯಿತು. ಮುಹೂರ್ತ ಕೇಳಲಿಲ್ಲ. ಅಕ್ಕಿಯ ಬದಲು ಹೂವಿನ ಎಸಳು ಹಾಕಿದರು. ಪ್ರತಿಜ್ಞಾವಿಧಿ ಮುಗಿದ ಮೇಲೆ ನಾನು ಎದ್ದು ನಿಂತು ಸಭೆಗೆ ಹೇಳಿದೆ: "ಮಗಳು ಉಟ್ಟ ಸೀರೆ ಕಿನ್ನಿಗೋಳಿಯ ನೇಕಾರರದು. ಕುಬಸದ ಖಣ ಗುಳೇದಗುಡ್ಡದ ಮಗ್ಗದ್ದು. ಕಸೂತಿ ಅವಳ ಅಜ್ಜಿಯದು. ಹೊಲಿಗೆ ಅವಳದೇ. ನಾನು ದರ್ಜಿ." ಕೊನೆಯ ಮಾತು ಹೇಳುವಾಗ ಬೀಗರ ಕಡೆ ನೋಡಿದೆ. ಹುಡುಗನ ಸೋದರಮಾವ ಹತ್ತಿರ ಬಂದು ಕೈ ಹಿಡಿದುಕೊಂಡು, "ನಮ್ಮಪ್ಪಾರೂ ಹೊಲಿಗಿ ಮಶೀನ್ ಮ್ಯಾಲೇ ನಮ್ಮನ್ನ ಓದಿಸಿದ್ರು. ಅವತ್ತ ನೀವು ಗಾರ್ಮೆಂಟ್ಸ್ ಅಂದ್ರಿ, ನಾ ಹೇಳಲಿಲ್ಲ" ಎಂದರು. ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟದ್ದು ಒಂದೇ ಸೂಜಿಯನ್ನು!

ಬಂಧುಗಳೇ, ಪೂಜ್ಯರೇ, ಕೊನೆಗೆ ಮೂರು ಕೋರಿಕೆ.

ಮಠದ ಪ್ರಸಾದ ನಿಲಯಗಳಲ್ಲಿ ಓದುವ ಪ್ರತಿ ಮಗುವಿಗೂ ಗುಂಡಿ ಹಚ್ಚಲು, ಹರಿದದ್ದು ಹೊಲಿಯಲು ಕಲಿಸಿ. ಹೆಣ್ಣುಮಕ್ಕಳಿಗಷ್ಟೇ ಅಲ್ಲ. ಸೂಜಿಕಾಯಕದ ರಾಮಿತಂದೆ ಗಂಡಸರು ಎಂಬುದು ನೆನಪಿರಲಿ.

ಹೊಲಿಗೆ ಯಂತ್ರ ಕೊಡುವಾಗ ಅದರ ಜೊತೆಗೆ ಒಂದು ವರ್ಷದ ಕೆಲಸವನ್ನೂ ಕೊಡಿ. ಮಠದ ಶಾಲೆಯ ಸಮವಸ್ತ್ರಗಳನ್ನು ಆ ತಾಯಂದಿರೇ ಹೊಲಿಯಲಿ, ನ್ಯಾಯದ ಕೂಲಿ ಪಡೆಯಲಿ. ಆಗ ಫೋಟೋ ಬೇಕಿದ್ದರೆ ಅವರು ಹೊಲಿದ ಬಟ್ಟೆ ತೊಟ್ಟ ಮಕ್ಕಳದ್ದು ತೆಗೆಯಿರಿ.

ವಚನ ಕಲ್ಯಾಣದ ವೇದಿಕೆಯಲ್ಲಿ ದಾನಿಗಳ ಹೆಸರು ಓದುವ ಮೊದಲು, ವಧೂವರರ ಬಟ್ಟೆ ನೇಯ್ದವರ, ಹೊಲಿದವರ ಹೆಸರು ಓದಿ. ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ಕೇಳುವುದರಿಂದಲೇ ಅರ್ಧ ಕೆಲಸ ಆಗುತ್ತದೆ.

ಅಂಗಡಿಯ ಮೇಲೆ ಮೂವತ್ತು ವರ್ಷ ಬರಿಯ 'ಟೈಲರ್ಸ್' ಎಂಬ ಫಲಕವಿತ್ತು. ಮದುವೆಯ ಮರುವಾರ ಅದನ್ನು ಇಳಿಸಿ ಹೊಸದು ಬರೆಸಿದೆ. ಮೇಲೆ 'ಸೂಜಿ ಕಾಯಕ', ಕೆಳಗೆ ನನ್ನ ಹೆಸರು. ಬನ್ನಂಜೆಗೆ ಬಂದರೆ ಒಳಗೆ ಬನ್ನಿ. ಕುರ್ಚಿ ಒಂದೇ ಇದೆ, ಅದು ನಿಮಗೆ.